ಕೊಟ್ಟಿಗೆಯ ಮಾತು

ಕೇಳುಗರಿಗೆ ನಮಸ್ಕಾರ. ಈ ಹೊತ್ತಿಗೆ ನಿಮ್ಮಲ್ಲಿ ಬಹಳ ಮಂದಿ ಡೇರಿಗೆ ಹಾಲು ಹಾಕಿ ಬಂದು, ಸಗಣಿ ಬಾಚುತ್ತಾ ರೇಡಿಯೊ ಕೇಳುತ್ತಿರುತ್ತೀರಿ. ಪ್ರಾಣಿಗಳು ಹೇಗೆ ಮಾತನಾಡುತ್ತವೆ ಎಂಬುದರ ಬಗ್ಗೆ ಹೇಳಿ ಎಂದು ನನ್ನನ್ನು ಕರೆದಿದ್ದಾರೆ. ತಿಮಿಂಗಿಲ, ಚಿಂಪಾಂಜಿಗಳ ವಿಷಯವನ್ನು ತಿಳಿದವರು ಹೇಳಲಿ. ನಾನು ಪಶುವೈದ್ಯ. ನಿಮ್ಮ ಎದುರಿಗೆ ನಿಂತಿರುವ ಹಸುವಿನ ವಿಷಯ ಹೇಳುತ್ತೇನೆ. ಹೇಳುವುದೂ ಒಂದೇ ಮಾತು: ದಿನಕ್ಕೆರಡು ಸಲ, ಕೈಯಲ್ಲಿ ಏನೂ ಕೆಲಸ ಇಟ್ಟುಕೊಳ್ಳದೆ, ಸುಮ್ಮನೆ ನಿಂತು ಹಸುವನ್ನು ನೋಡಿ.

ಹಸು ತನ್ನ ಕರುವಿನ ಜೊತೆ ಎರಡು ಬಗೆಯಲ್ಲಿ ಮಾತನಾಡುತ್ತದೆ. ಕರು ಮಗ್ಗುಲಲ್ಲೇ ಇದ್ದರೆ ಬಾಯಿ ತೆರೆಯದೆ ಗಂಟಲಲ್ಲೇ ಗುನುಗುತ್ತದೆ. ಕರು ಕಣ್ಣಿಗೆ ಬೀಳದಿದ್ದರೆ ಬಾಯಿ ತೆರೆದು ಗಟ್ಟಿಯಾಗಿ ಕೂಗುತ್ತದೆ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದವರು ಈ ಕೂಗುಗಳನ್ನು ಧ್ವನಿಮುದ್ರಿಸಿ ನೋಡಿದ್ದಾರೆ. ಒಂದು ಹಸುವಿನ ಕೂಗು ಇನ್ನೊಂದರಂತಿಲ್ಲ.

ಆದರೆ ನೋವು ಬಂದಾಗ ಇದೇ ಹಸು ಕೂಗುವುದಿಲ್ಲ. ಹುಲಿ ತೋಳಗಳ ಬಾಯಿಗೆ ಸಿಗುತ್ತಿದ್ದ ಜಾತಿ ಅದು. ನೋವನ್ನು ತೋರಿಸಿಕೊಂಡರೆ ಮೊದಲು ಬಲಿಯಾಗುವುದು ಅದೇ. ಹಾಗಾಗಿ ನೋವನ್ನು ಅದು ನಿಲ್ಲುವ ರೀತಿಯಲ್ಲಿ ಹೇಳುತ್ತದೆ. ನೋಡುವವರು ಬೇಕು, ಅಷ್ಟೆ.

ತಿಪಟೂರು ಕಡೆಯ ಒಂದು ಹಳ್ಳಿಯ ಸಂಗತಿ ಹೇಳುತ್ತೇನೆ. ಆ ಮನೆಯಲ್ಲಿ ತಾರಸಿ ಹಾಕಿಸುವ ಕೆಲಸ ನಡೆದಿತ್ತು. ಹಸುವಿನ ಹಾಲು ಕಡಿಮೆಯಾಗಿತ್ತು, ಮೇವು ಬಿಟ್ಟಿತ್ತು. ಮಗ ಫೋನ್ ಮಾಡಿ, "ಅಜೀರ್ಣ ಡಾಕ್ಟರೇ, ಪುಡಿ ಬರೆದುಕೊಡಿ ಸಾಕು" ಎಂದ. ಹಿಂದಿನಿಂದ ಅವನ ತಾಯಿಯ ದನಿ ಕೇಳಿಸಿತು: "ಅವರು ಬರಲೇಬೇಕು ಎಂದು ಹೇಳು. ಮಲಗುವಾಗ ಅದು ನರಳುತ್ತದೆ." ಆ ಒಂದು ಮಾತಿಗೆ ನಾನು ಹೊರಟೆ.

ಹೋಗಿ ನೋಡಿದರೆ ಹಸು ಬೆನ್ನು ಬಾಗಿಸಿ, ಮುಂಗಾಲಿನ ಮೊಣಕೈಗಳನ್ನು ಹೊರಕ್ಕೆ ಅಗಲಿಸಿ ನಿಂತಿದೆ. ಆ ತಾಯಿ ಹೇಳಿದರು: "ನೀರಿಗೆ ಹೊಡೆದುಕೊಂಡು ಹೋದರೆ ಇಳಿಜಾರಿನಲ್ಲಿ ನಿಂತುಬಿಡುತ್ತದೆ. ಬರುವಾಗ ಏರನ್ನು ತಕರಾರಿಲ್ಲದೆ ಹತ್ತುತ್ತದೆ. ಮುಂಗಾಲನ್ನು ಕಟ್ಟೆಯ ಮೇಲಿಟ್ಟುಕೊಂಡರೆ ಮಾತ್ರ ಅದಕ್ಕೆ ಸಮಾಧಾನ." ಇದಕ್ಕಿಂತ ಒಳ್ಳೆಯ ವರದಿಯನ್ನು ಯಾವ ಪ್ರಯೋಗಾಲಯವೂ ನನಗೆ ಕೊಟ್ಟಿಲ್ಲ. ಎದೆಯ ಕೆಳಗೆ ಒಂದು ಗಳು ಹಿಡಿದು, ಇಬ್ಬರು ಮೆಲ್ಲಗೆ ಎತ್ತಿ ತಟ್ಟನೆ ಬಿಟ್ಟೆವು. ಹಸು "ಹೂಂ" ಎಂದು ನರಳಿತು. ಒಳಗೆ ಏನೋ ಚುಚ್ಚುತ್ತಿದೆ ಎಂಬುದಕ್ಕೆ ಅದೇ ಗುರುತು.

ಹಸು ಮೇಯುವಾಗ ಸರಿಯಾಗಿ ಅಗಿಯುವುದಿಲ್ಲ, ಮೊದಲು ನುಂಗುತ್ತದೆ. ಮೇವಿನಲ್ಲಿ ತಂತಿ ಇದ್ದರೆ ಅದೂ ಒಳಗೆ ಹೋಗಿ, ಹಸುವಿನ ನಾಲ್ಕು ಹೊಟ್ಟೆಗಳ ಪೈಕಿ ಜೇನುಗೂಡಿನಂಥ ಗೆರೆಗಳಿರುವ ಎರಡನೆಯ ಹೊಟ್ಟೆಯಲ್ಲಿ ಕೂರುತ್ತದೆ. ಆ ಹೊಟ್ಟೆಗೂ ಹೃದಯಕ್ಕೂ ನಡುವೆ ಇರುವುದು ತೆಳುವಾದ ವಪೆ, ಅಂದರೆ ಎದೆಯನ್ನೂ ಹೊಟ್ಟೆಯನ್ನೂ ಬೇರ್ಪಡಿಸುವ ಪರದೆ, ಮಾತ್ರ. ಇಳಿಜಾರಿನಲ್ಲಿ ಹೊಟ್ಟೆಯ ಭಾರ ಮುಂದಕ್ಕೆ ಬಂದು ತಂತಿ ಚುಚ್ಚುತ್ತದೆ, ಏರಿನಲ್ಲಿ ಹಿಂದಕ್ಕೆ ಸರಿಯುತ್ತದೆ. ಆ ತಾಯಿ ಕಂಡದ್ದು ಇದನ್ನೇ. ಎಡ ಪಕ್ಕೆ ಮರಗಟ್ಟುವ ಚುಚ್ಚುಮದ್ದು ಕೊಟ್ಟು, ಹಸುವನ್ನು ನಿಲ್ಲಿಸಿಕೊಂಡೇ ಹೊಟ್ಟೆ ತೆರೆದು ಕೈ ಹಾಕಿದೆ. ಬೆರಳುದ್ದದ ತಂತಿ ಸಿಕ್ಕಿತು, ಮನೆಯ ಮುಂದೆ ಕಬ್ಬಿಣ ಕಟ್ಟಲು ತಂದಿದ್ದದ್ದೇ. ತಡವಾಗಿದ್ದರೆ ತಂತಿ ಹೃದಯದ ಪೊರೆಗೆ ತಾಗಿ, ಗಂಗೆದೊಗಲಿನ ಕೆಳಗೆ ನೀರು ಇಳಿದು ಬಾತುಕೊಳ್ಳುತ್ತಿತ್ತು. ಆ ಹಂತಕ್ಕೆ ಬಂದ ಹಸುವನ್ನು ಉಳಿಸುವುದು ಬಹಳ ಕಷ್ಟ.

ಈಗ ಮೊಬೈಲಿನಲ್ಲಿ ಫೋಟೊ ಕಳಿಸಿ "ಏನಾಗಿದೆ ಹೇಳಿ" ಎನ್ನುವವರು ಹೆಚ್ಚು. ದಯವಿಟ್ಟು ಕೇಳಿ, ಫೋಟೊದಲ್ಲಿ ನರಳಾಟ ಕೇಳಿಸುವುದಿಲ್ಲ. ಮೆಲುಕು ಹಾಕುತ್ತಿದೆಯೇ, ಹೇಗೆ ಮಲಗುತ್ತದೆ, ಯಾವ ಕಾಲಿಗೆ ಭಾರ ಕೊಡುತ್ತಿಲ್ಲ, ಇದನ್ನು ನಿಂತು ನೋಡಿ, ಆಮೇಲೆ ಫೋನ್ ಮಾಡಿ.

ಸಮಯವಾಯಿತು ಎಂದು ಸನ್ನೆ ಮಾಡುತ್ತಿದ್ದಾರೆ. ಬೆದೆಯ, ಅಂದರೆ ಹಸು ಹೋರಿಯನ್ನು ಬಯಸುವ ಹೊತ್ತಿನ, ವಿಷಯವನ್ನು ಮಾತ್ರ ಹೇಳಿಯೇ ಏಳುತ್ತೇನೆ. ಸುಮಾರು 21 ದಿನಕ್ಕೊಮ್ಮೆ ಹಸು ಬೆದೆಗೆ ಬರುತ್ತದೆ. ಬೇರೆ ಹಸು ಮೇಲೆ ಹತ್ತಿದಾಗ ಕದಲದೆ ನಿಲ್ಲುವುದೇ ಬೆದೆಗೆ ಬಂದದ್ದು, ಹತ್ತಿದ ಹಸುವನ್ನು ನಂಬಿಕೊಳ್ಳಬೇಡಿ. ಬೆಳಿಗ್ಗೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಕೃತಕ ಗರ್ಭಧಾರಣೆ ಮಾಡಿಸಿ. ನೋಡದೆ ಒಂದು ಬೆದೆ ತಪ್ಪಿಸಿದಿರೋ, ಮೂರು ವಾರದ ಮೇವು ದಂಡ. ಎಮ್ಮೆಯದು ಮೂಕ ಬೆದೆ. ಅದು ಹಸುವಿನಷ್ಟು ಕೂಗುವುದಿಲ್ಲ, ಮೇಲೆ ಹತ್ತುವುದೂ ಕಡಿಮೆ. ಮತ್ತೆ ಮತ್ತೆ ಸ್ವಲ್ಪ ಸ್ವಲ್ಪ ಗಂಜಲ ಹೊಯ್ಯುತ್ತದೆ, ಮಲಗಿದ ಕಡೆ ಲೋಳೆ ಬಿದ್ದಿರುತ್ತದೆ. ಇದು ಹೆಚ್ಚಾಗಿ ಕಾಣುವುದು ರಾತ್ರಿ ಮತ್ತು ನಸುಕಿನಲ್ಲಿ. ಎಮ್ಮೆ ಕಟ್ಟಿರುವವರು ಮಲಗುವ ಮುನ್ನ ಒಮ್ಮೆ, ಎದ್ದ ಕೂಡಲೇ ಒಮ್ಮೆ, ಟಾರ್ಚ್ ಹಿಡಿದು ಕೊಟ್ಟಿಗೆಗೆ ಹೋಗಿ ನೋಡಿ ಬನ್ನಿ. ನಮಸ್ಕಾರ.