ಮೆಟ್ಟಿಲ ಮೇಲಿನ ಸೈಕಲ್: ಮನೆಯ ಬೆಂಕಿ ಸುರಕ್ಷತೆಗೆ ಯಾವ ಕಾನೂನು, ಯಾರ ಕಾನೂನು?

[ದೃಶ್ಯ: ಅಪಾರ್ಟ್‌ಮೆಂಟ್ ಮೆಟ್ಟಿಲಿನ ತಿರುವು. ಒಂದು ಸೈಕಲ್, ಪೇಂಟ್ ಡಬ್ಬಗಳು, ಹಳೇ ಹಾಸಿಗೆ.]

ನಮಸ್ಕಾರ. ಈ ಸೈಕಲ್ ನೋಡಿ. ಇದನ್ನು ಇಲ್ಲಿಂದ ತೆಗೆಸುವ ಅಧಿಕಾರ ಯಾರಿಗಿದೆ? ಅಸೋಸಿಯೇಷನ್‌ಗಾ, ಪಾಲಿಕೆಗಾ, ಅಗ್ನಿಶಾಮಕ ಇಲಾಖೆಗಾ? ಮೂವರದ್ದೂ ಇದರಲ್ಲಿ ಪಾಲಿದೆ. ಅದಕ್ಕೇ ಎಷ್ಟೋ ಕಡೆ ಯಾರೂ ತೆಗೆಸುವುದಿಲ್ಲ.

ಮೊದಲು ದೆಹಲಿ. ಭಾರತೀಯ ಮಾನಕ ಬ್ಯೂರೋ, ಅಂದರೆ ಬಿಐಎಸ್, 2016ರಲ್ಲಿ ಹೊರತಂದ ರಾಷ್ಟ್ರೀಯ ಕಟ್ಟಡ ಸಂಹಿತೆ ಇದೆ. ಅದರ 4ನೇ ಭಾಗ ಪೂರ್ತಿ ಬೆಂಕಿ ಮತ್ತು ಜೀವರಕ್ಷಣೆಯದ್ದು. ಆದರೆ ಈ ಸಂಹಿತೆ ತಾನಾಗಿ ಕಾನೂನಲ್ಲ. ರಾಜ್ಯ ಸರ್ಕಾರವೋ ಪಾಲಿಕೆಯೋ ತನ್ನ ಬೈಲಾದಲ್ಲಿ, ಅಂದರೆ ಕಟ್ಟಡ ನಿಯಮಗಳಲ್ಲಿ, ಸೇರಿಸಿಕೊಂಡಾಗಲೇ ಅದಕ್ಕೆ ಬಲ ಬರುತ್ತದೆ.

ಹಾಗಾಗಿ ರಾಜ್ಯದಿಂದ ರಾಜ್ಯಕ್ಕೆ ನಿಯಮ ಬೇರೆ. ಕರ್ನಾಟಕಕ್ಕೆ 1964ರ ಅಗ್ನಿಶಾಮಕ ದಳ ಕಾಯ್ದೆ ಇದೆ. ಮಹಾರಾಷ್ಟ್ರಕ್ಕೆ 2006ರ ಪ್ರತ್ಯೇಕ ಕಾಯ್ದೆ. ಮುಂಬೈ, ಪುಣೆಯಲ್ಲಿರುವ ನಮ್ಮವರು ಗಮನಿಸಿ: ಅಲ್ಲಿ ಬೆಂಕಿ ಆರಿಸುವ ವ್ಯವಸ್ಥೆ ಸರಿಯಾಗಿದೆ ಅಂತ ಲೈಸೆನ್ಸ್ ಇರುವ ಏಜೆನ್ಸಿಯಿಂದ ವರ್ಷಕ್ಕೆ ಎರಡು ಸಲ, ಜನವರಿ ಮತ್ತು ಜುಲೈನಲ್ಲಿ, ಸರ್ಟಿಫಿಕೇಟ್ ಕೊಡಿಸಬೇಕು.

ಇನ್ನು ಎತ್ತರ. ರಾಷ್ಟ್ರೀಯ ಸಂಹಿತೆಯ ಪ್ರಕಾರ 15 ಮೀಟರ್ ಮತ್ತು ಅದಕ್ಕಿಂತ ಎತ್ತರದ್ದು ಬಹುಮಹಡಿ ಕಟ್ಟಡ. ನಿಮ್ಮೂರಿನ ಬೈಲಾದಲ್ಲಿ ಈ ಗೆರೆ ಬೇರೆ ಇರಬಹುದು, ಪ್ಲಾನ್ ಮಂಜೂರು ಮಾಡುವ ಕಚೇರಿಯಲ್ಲೇ ಕೇಳಿ. ಗೆರೆ ದಾಟಿದ ಕಟ್ಟಡಕ್ಕೆ ಪ್ಲಾನ್ ಹಂತದಲ್ಲೇ ಅಗ್ನಿಶಾಮಕ ಇಲಾಖೆಯ ಎನ್‌ಓಸಿ, ಅಂದರೆ ಆಕ್ಷೇಪಣೆ ಇಲ್ಲ ಅನ್ನುವ ಪತ್ರ, ಬೇಕು. ಕಟ್ಟಿ ಮುಗಿದ ಮೇಲೆ ಇಲಾಖೆಯವರು ಬಂದು ನೋಡಿ ಕ್ಲಿಯರೆನ್ಸ್ ಕೊಡಬೇಕು. ಆಮೇಲೆ ಓಸಿ, ಅಂದರೆ ವಾಸಕ್ಕೆ ಅನುಮತಿ ಕೊಡುವ ಪ್ರಮಾಣಪತ್ರ. ಫ್ಲಾಟ್ ಕೊಳ್ಳುವಾಗ ಖಾತಾ ಜೊತೆಗೆ ಈ ಕಾಗದಗಳನ್ನೂ ಕೇಳಿ, ಸಂಕೋಚ ಬೇಡ.

"ನಮ್ದು ಬರೀ ಮೂರು ಮಹಡಿ, ನಮಗೇನೂ ರೂಲ್ಸ್ ಇಲ್ಲ" ಅಂತ ಹಲವರು ಅಂದುಕೊಂಡಿದ್ದಾರೆ. ಅದು ತಪ್ಪು. ಎನ್‌ಓಸಿ ಬೇಡದಿದ್ದರೂ ಸುತ್ತ ಬಿಡಬೇಕಾದ ಜಾಗ, ಮೆಟ್ಟಿಲಿನ ಅಗಲ, ಇವೆಲ್ಲ ಬೈಲಾದಲ್ಲಿ ಇದ್ದೇ ಇರುತ್ತವೆ.

[ದೃಶ್ಯ: ದಪ್ಪ ಬಾಗಿಲು, ಮುಚ್ಚದಂತೆ ಕೆಳಗೆ ಒಂದು ಇಟ್ಟಿಗೆ.]

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ವಿಷಯ: ಹೊರಗೆ ಹೋಗುವ ದಾರಿ. ಬೆಂಕಿಗಿಂತ ಮೊದಲು ಜನರನ್ನು ಕೆಡವುವುದು ಹೊಗೆ. ಮೆಟ್ಟಿಲಿನ ಬಳಿಯ ಈ ಅಗ್ನಿನಿರೋಧಕ ಬಾಗಿಲು ತಾನಾಗಿ ಮುಚ್ಚಿಕೊಳ್ಳಬೇಕು. ಆಗಲೇ ಮೆಟ್ಟಿಲಿಗೆ ಹೊಗೆ ನುಗ್ಗುವುದಿಲ್ಲ. ಗಾಳಿ ಬರಲಿ ಅಂತ ಇಟ್ಟಿಗೆ ಕೊಟ್ಟರೆ ಆ ಮೆಟ್ಟಿಲೇ ಹೊಗೆಯ ಚಿಮಣಿಯಾಗುತ್ತದೆ. ಬೀಗ ಹಾಕುವುದಂತೂ ಇನ್ನೂ ಕೆಟ್ಟದ್ದು. ಒಳಗಿನಿಂದ ಕೀಲಿಯಿಲ್ಲದೆ ತೆರೆಯುವಂತಿರಬೇಕು ಅನ್ನುವುದೇ ನಿಯಮ.

2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ ಬೆಂಕಿ ಬಿದ್ದು 9 ಜನ ಸತ್ತರು. ಅದು ಕಚೇರಿಗಳ ಕಟ್ಟಡ, ಆದರೆ ಪಾಠ ಮನೆಗೂ ಅದೇ. ಹೊಗೆಗೆ ಹೆದರಿ ಕಿಟಕಿಯಿಂದ ಹಾರಿದವರೂ ಸತ್ತವರಲ್ಲಿ ಇದ್ದರು.

2021ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನದೇ ದೇವರಚಿಕ್ಕನಹಳ್ಳಿಯ ಫ್ಲಾಟ್ ಒಂದರಲ್ಲಿ ತಾಯಿ, ಮಗಳು ಬೆಂಕಿಗೆ ಬಲಿಯಾದರು. ಬಾಲ್ಕನಿಗೆ ಪೂರ್ತಿ ಗ್ರಿಲ್ ಇತ್ತು. ಕೆಳಗೆ ನಿಂತವರಿಗೆ ಕಾಣುತ್ತಿತ್ತು, ಕಾಪಾಡಲು ಆಗಲಿಲ್ಲ. ಕಳ್ಳರ ಭಯಕ್ಕೆ ಗ್ರಿಲ್ ಹಾಕಿಸುತ್ತೇವೆ, ಸಹಜ. ಆದರೆ ಅದರಲ್ಲಿ ತೆರೆಯುವ ಒಂದು ಭಾಗ ಇರಲೇಬೇಕು. ಅದರ ಕೀಲಿ ಎಲ್ಲಿದೆ ಅಂತ ಅಜ್ಜಿಯಿಂದ ಮಕ್ಕಳವರೆಗೆ ಎಲ್ಲರಿಗೂ ಗೊತ್ತಿರಬೇಕು. ಇವತ್ತೇ ಒಮ್ಮೆ ತೆರೆದು ನೋಡಿ. ಎಷ್ಟೋ ಗ್ರಿಲ್‌ಗಳು ತುಕ್ಕು ಹಿಡಿದು ಅಲ್ಲಾಡುವುದೂ ಇಲ್ಲ.

[ದೃಶ್ಯ: ಗೇಟಿನ ಪಕ್ಕ ಸಾಲಾಗಿ ನಿಂತ ಕಾರುಗಳು.]

ಫೈರ್ ಎಂಜಿನ್ ಒಳಗೆ ಬರುವುದಕ್ಕೂ ಅಳತೆ ಇದೆ. ಬಹುಮಹಡಿ ಕಟ್ಟಡಕ್ಕೆ ಗೇಟು 4.5 ಮೀಟರ್ ಅಗಲ ಇರಬೇಕು, ಸುತ್ತ 6 ಮೀಟರ್ ದಾರಿ. ಬಿಲ್ಡರ್ ಬಿಟ್ಟ ಈ ಜಾಗವನ್ನು ವಿಸಿಟರ್ಸ್ ಪಾರ್ಕಿಂಗ್ ಮಾಡಿಕೊಂಡವರು ನಾವೇ ಅಲ್ವಾ?

ಸರಿ, ಸೈಕಲ್‌ಗೆ ಬರೋಣ. ಮೆಟ್ಟಿಲು, ಕಾರಿಡಾರ್ ಯಾರೊಬ್ಬರ ಸ್ವತ್ತೂ ಅಲ್ಲ, ಎಲ್ಲರಿಗೂ ಸೇರಿದ ಜಾಗ. ಹಾಗಾಗಿ ಮೊದಲು ಅಸೋಸಿಯೇಷನ್‌ಗೆ ಬರೆದು ಕೊಡಿ. ಸುಮ್ನೆ ವಾಟ್ಸ್ಯಾಪ್ ಗ್ರೂಪಿನಲ್ಲಿ ಹಾಕಿದರೆ ಸಾಲದು. ಫೋಟೋ, ದಿನಾಂಕ ಇರಲಿ. ಕೇಳದಿದ್ದರೆ ಹತ್ತಿರದ ಅಗ್ನಿಶಾಮಕ ಠಾಣೆಗೆ, ಪಾಲಿಕೆಗೆ ದೂರು ಕೊಡಿ. ಬಾಡಿಗೆದಾರರೂ ಕೊಡಬಹುದು.

ಬೆಂಕಿ ಬಿದ್ದಾಗ ಮೊದಲು ಎಲ್ಲರೂ ಮೆಟ್ಟಿಲಿನಿಂದ ಹೊರಗೆ ಬನ್ನಿ, ಲಿಫ್ಟ್ ಬೇಡ. ಬರುವಾಗ ಮನೆ ಬಾಗಿಲು ಎಳೆದುಕೊಳ್ಳಿ. ಆಮೇಲೆ 112 ಅಥವಾ 101ಕ್ಕೆ ಫೋನ್ ಮಾಡಿ ಅಡ್ಡರಸ್ತೆ, ಹತ್ತಿರದ ಗುರುತು, ಎಷ್ಟನೇ ಮಹಡಿ, ಒಳಗೆ ಯಾರಾದರೂ ಉಳಿದಿದ್ದಾರಾ ಅನ್ನುವುದನ್ನು ಹೇಳಿ. ಅವರೇ ಇಡುವವರೆಗೆ ಫೋನ್ ಇಡಬೇಡಿ.