ವಲಸೆ ಬಂದ ಬೆಟ್ಟಗಳು

ನಮಸ್ಕಾರ, ಕೇಳುಗರೇ. ಉತ್ತರ ಅಮೆರಿಕದ ಪಶ್ಚಿಮ ಅಂಚಿಗೆ, ಅಲಾಸ್ಕಾದಿಂದ ಶುರುವಾಗಿ ಕೆನಡಾ ದಾಟಿ ದಕ್ಷಿಣಕ್ಕೆ ಹೋಗುವ ದೊಡ್ಡ ಬೆಟ್ಟಸಾಲು ಇದೆ. ಕಾರ್ಡಿಲೆರಾ ಅಂತ ಹೆಸರು. ಆ ಬೆಟ್ಟಗಳ ಕಲ್ಲಿನಲ್ಲಿ ಎಷ್ಟೋ ಪಾಲು ಅಲ್ಲಿ ಹುಟ್ಟಿದ್ದೇ ಅಲ್ಲ. ಎಲ್ಲೋ ಹುಟ್ಟಿ, ಸಮುದ್ರದ ತಳದ ಜೊತೆ ಸಾಗಿ ಬಂದು, ಖಂಡಕ್ಕೆ ಅಂಟಿಕೊಂಡದ್ದು.

ಗೊತ್ತಾದದ್ದು ಹೇಗೆ? ಮುಖ್ಯ ಸುಳಿವು ಕೊಟ್ಟದ್ದು ಅಕ್ಕಿಕಾಳಿನಷ್ಟು ಸಣ್ಣ ಪಳೆಯುಳಿಕೆ. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಕ್ಯಾಶ್ ಕ್ರೀಕ್ ಸುತ್ತಮುತ್ತ ಸಿಗುವ ಸುಣ್ಣದಕಲ್ಲನ್ನು ಕೊಯ್ದು, ನುಣ್ಣಗೆ ಉಜ್ಜಿ, ಭೂತಗನ್ನಡಿ ಹಿಡಿದರೆ ಸುರುಳಿ ಸುತ್ತಿದ ಪುಟ್ಟ ಪುಟ್ಟ ಕೋಣೆಗಳು ಕಾಣುತ್ತವೆ. ಇವು ಫ್ಯೂಸುಲಿನಿಡ್‌ಗಳು. ಒಂದೇ ಜೀವಕೋಶದ ಜೀವಿ, ಸುಮಾರು 25 ಕೋಟಿ ವರ್ಷಗಳ ಹಿಂದೆ ಅಳಿದುಹೋದವು. ವಿಷಯ ಏನಪ್ಪಾ ಅಂದರೆ, ಇಲ್ಲಿ ಸಿಕ್ಕ ಬಗೆಗಳು ಚೀನಾ, ಜಪಾನಿನ ಕಲ್ಲುಗಳಲ್ಲಿ ಸಿಗುತ್ತವೆ, ಪಕ್ಕದಲ್ಲೇ ಸ್ವಲ್ಪ ಪೂರ್ವಕ್ಕೆ ಹೋದರೆ ಅದೇ ಕಾಲದ ಕಲ್ಲಿನಲ್ಲಿ ಬೇರೆಯೇ ಬಗೆ. ಸಮುದ್ರದ ತಳದಲ್ಲಿ ಬದುಕುವ ಜೀವಿ ಈಜಿಕೊಂಡು ಮಹಾಸಾಗರ ದಾಟಿ ಬರುವುದಿಲ್ಲ, ಅಲ್ವಾ? ಹಾಗಾದರೆ ಬಂದದ್ದು ಕಲ್ಲೇ.

ಹೀಗೆ ಬಂದು ಸೇರಿದ ತುಂಡಿಗೆ ಟೆರೇನ್ ಅನ್ನುತ್ತಾರೆ. ಇಂಗ್ಲಿಷಿನಲ್ಲಿ ನೆಲದ ಏರಿಳಿತಕ್ಕೆ ಹೇಳುವ ಪದಕ್ಕೂ ಇದಕ್ಕೂ ಉಚ್ಚಾರ ಒಂದೇ, ಸ್ಪೆಲ್ಲಿಂಗ್ ಬೇರೆ. ರೇಡಿಯೋದಲ್ಲಿ ಅದನ್ನು ತೋರಿಸುವುದು ಹೇಗೆ, ಬಿಡಿ.

ಸಮುದ್ರದ ತಳ ಖಂಡದ ಅಡಿಗೆ ಜಾರಿ ಒಳಗೆ ಹೋಗುತ್ತಲೇ ಇರುತ್ತದೆ. ಅದರ ಮೇಲೆ ಕೂತ ಜ್ವಾಲಾಮುಖಿ ದ್ವೀಪಗಳು, ಲಾವಾದ ದಪ್ಪ ಹಾಸುಗಳು ಮಾತ್ರ ಅಷ್ಟು ಸುಲಭವಾಗಿ ಮುಳುಗುವುದಿಲ್ಲ. ಅಂಚಿಗೆ ಬಂದು ಸಿಕ್ಕಿಹಾಕಿಕೊಳ್ಳುತ್ತವೆ. ಹಿಂದಿನಿಂದ ಇನ್ನೊಂದು ಬಂದು ಗುದ್ದುತ್ತದೆ. ಮಧ್ಯದ ಕಲ್ಲು ಮಡಿಚಿ, ಮುರಿದು, ಒಂದರ ಮೇಲೊಂದು ಹತ್ತಿ ಬೆಟ್ಟವಾಗುತ್ತದೆ.

ಇವುಗಳಲ್ಲಿ ಹೆಸರಾದದ್ದು ರಾಂಗೇಲಿಯಾ. ಅಲಾಸ್ಕಾದ ರಾಂಗೆಲ್ ಬೆಟ್ಟಗಳ ಹೆಸರನ್ನು 1977ರಲ್ಲಿ ಇದಕ್ಕೆ ಇಟ್ಟರು. ಅಲ್ಲಿಂದ ವ್ಯಾಂಕೂವರ್ ದ್ವೀಪದವರೆಗೂ ಇದರ ತುಂಡುಗಳಿವೆ, ಸುಮಾರು 23 ಕೋಟಿ ವರ್ಷ ಹಳೆಯ ಲಾವಾ, ಕೆಲವು ಕಡೆ ಕಿಲೋಮೀಟರ್‌ಗಟ್ಟಲೆ ದಪ್ಪ. ಲಾವಾ ಆರುವಾಗ ಒಳಗಿನ ಕಬ್ಬಿಣದ ಖನಿಜಗಳು ಭೂಮಿಯ ಕಾಂತದ ದಿಕ್ಕನ್ನು ಹಿಡಿದುಕೊಂಡು ಹಾಗೇ ಗಟ್ಟಿಯಾಗುತ್ತವೆ. ಧ್ರುವದ ಹತ್ತಿರ ಆರಿದರೆ ಆ ದಿಕ್ಕು ಕಡಿದಾಗಿರುತ್ತದೆ, ಭೂಮಧ್ಯರೇಖೆಯ ಹತ್ತಿರವಾದರೆ ಮಟ್ಟಸವಾಗಿ ಮಲಗಿರುತ್ತದೆ. ರಾಂಗೇಲಿಯಾದ ಲಾವಾದಲ್ಲಿ ಅದು ಹೆಚ್ಚುಕಡಿಮೆ ಮಲಗಿದೆ. ಈಗ ಹಿಮದ ನಾಡಿನಲ್ಲಿರುವ ಕಲ್ಲು ಹುಟ್ಟಿದ್ದು ಬಿಸಿ ಸಮುದ್ರದಲ್ಲಿ! ಇಂಥ ತುಂಡುಗಳು ಖಂಡಕ್ಕೆ ಅಂಟಿದ ಮೇಲೂ ಅಂಚಿನ ಉದ್ದಕ್ಕೆ ಎಷ್ಟು ದೂರ ಜಾರಿದವು ಅಂತ ಭೂವಿಜ್ಞಾನಿಗಳು ಈಗಲೂ ಜಗಳ ಆಡುತ್ತಾರೆ.

ಇದೆಲ್ಲ ಮುಗಿದ ಕಥೆ ಅಂದುಕೊಳ್ಳಬೇಡಿ. ಯಾಕುಟಾಟ್ ಅನ್ನುವ ತುಂಡು ಈಗಲೂ ವರ್ಷಕ್ಕೆ ಸುಮಾರು 5 ಸೆಂಟಿಮೀಟರ್‌ನಂತೆ ದಕ್ಷಿಣ ಅಲಾಸ್ಕಾಕ್ಕೆ ಒತ್ತುತ್ತಿದೆ. 5489 ಮೀಟರ್ ಎತ್ತರದ ಸೇಂಟ್ ಎಲಿಯಾಸ್ ಶಿಖರ ಎದ್ದದ್ದು ಈ ಒತ್ತಡಕ್ಕೇ. 1899ರ ಸೆಪ್ಟೆಂಬರಿನಲ್ಲಿ ಅಲ್ಲಿನ ಯಾಕುಟಾಟ್ ಕೊಲ್ಲಿ ಭೂಕಂಪಕ್ಕೆ ನಡುಗಿತು. ಆರು ವರ್ಷ ಬಿಟ್ಟು ಅಳೆಯಲು ಹೋದವರಿಗೆ ದಡದ ಬಂಡೆಗಳ ಮೇಲೆ, ಅಲೆ ಮುಟ್ಟಲಾರದಷ್ಟು ಎತ್ತರದಲ್ಲಿ, ಸತ್ತ ಬಾರ್ನಕಲ್‌ಗಳ, ಅಂದರೆ ಸಮುದ್ರದ ನೀರು ತಾಗುವ ಬಂಡೆಗೆ ಅಂಟಿ ಬದುಕುವ ಪುಟ್ಟ ಜೀವಿಗಳ, ಚಿಪ್ಪುಗಳು ಕಚ್ಚಿಕೊಂಡೇ ಇದ್ದದ್ದು ಕಂಡಿತು. ಒಂದು ಕಡೆಯಂತೂ ದಡ 14 ಮೀಟರಿಗೂ ಜಾಸ್ತಿ ಮೇಲೆದ್ದಿತ್ತು.