ಕೊನೆಯ ಸ್ಥಾನಕ್ಕೆ ಬಿದ್ದ ಹಾಡು

ಕೇಳುಗರಿಗೆಲ್ಲ ನಮಸ್ಕಾರ.

ಯೂರೋವಿಷನ್ ಹೆಸರು ನೀವು ಕೇಳಿರಬಹುದು. 1956ರಿಂದ ಯೂರೋಪಿನಲ್ಲಿ ನಡೆಯುತ್ತಿರುವ ಹಾಡಿನ ಸ್ಪರ್ಧೆ. ದೇಶಕ್ಕೊಂದು ಹಾಡು, ಅಂಕ ಕೊಡುವವರು ಬೇರೆ ದೇಶದವರು. ಇದರಲ್ಲಿ ಗೆದ್ದವರ ಕಥೆಗಳು ಬೇಕಾದಷ್ಟಿವೆ. ನಾನು ಇವತ್ತು ಹೇಳಬೇಕೆಂದಿರುವುದು ಸೋಲುತ್ತಲೇ ಬಂದ ಪೋರ್ಚುಗಲ್ ಬಗ್ಗೆ.

1964ರಲ್ಲಿ ಕೋಪನ್‌ಹೇಗನ್‌ನಲ್ಲಿ ಪೋರ್ಚುಗಲ್ ಮೊದಲ ಸಲ ಹಾಡಿತು. ಸಿಕ್ಕಿದ್ದು ಸೊನ್ನೆ. ಆಗ ಆ ದೇಶದಲ್ಲಿ ಸಾಲಜಾರ್‌ನ ಸರ್ವಾಧಿಕಾರ. ನಮ್ಮ ಪಕ್ಕದ ಗೋವಾವನ್ನು 1961ರವರೆಗೆ ಬಿಡದೆ ಹಿಡಿದುಕೊಂಡಿತ್ತಲ್ಲ, ಅದೇ ಸರ್ಕಾರ. ಅವತ್ತು ಸ್ಪರ್ಧೆಯ ಮಧ್ಯೆಯೇ ಒಬ್ಬಾತ ವೇದಿಕೆಗೆ ನುಗ್ಗಿ, ಫ್ರಾಂಕೋ ಮತ್ತು ಸಾಲಜಾರ್‌ರನ್ನು ಬಹಿಷ್ಕರಿಸಿ ಎಂಬ ಫಲಕ ಎತ್ತಿ ಹಿಡಿದಿದ್ದ. ಫ್ರಾಂಕೋ ಅಂದರೆ ಪಕ್ಕದ ಸ್ಪೇನ್‌ನ ಸರ್ವಾಧಿಕಾರಿ.

ಹತ್ತು ವರ್ಷ ಕಳೆಯಿತು. 1974ರ ಏಪ್ರಿಲ್ 6, ಇಂಗ್ಲೆಂಡಿನ ಬ್ರೈಟನ್. ಆ ವರ್ಷ ಗೆದ್ದದ್ದು ಸ್ವೀಡನ್ನಿನ ಅಬ್ಬಾ ತಂಡ. ಪೋರ್ಚುಗಲ್ ಪರವಾಗಿ ಪೌಲೋ ದೆ ಕಾರ್ವಾಲ್ಯೋ ಹಾಡಿದರು. ಮುರಿದುಬಿದ್ದ ಪ್ರೀತಿಯ ಹಾಡು, ಹೆಸರು 'ಇ ದೆಪೋಯ್ಸ್ ದು ಅದೇವುಸ್'. ಬಂದದ್ದು ಬರೀ 3 ಅಂಕ. ಇನ್ನೂ ಮೂರು ದೇಶಗಳ ಜೊತೆ ಕೊನೆಯ ಸ್ಥಾನ.

ಆದರೆ ಮೂರು ವಾರದೊಳಗೆ ಆ ಹಾಡಿಗೆ ಬೇರೆಯೇ ಕೆಲಸ ಬಿತ್ತು. ಸರ್ಕಾರವನ್ನು ಕೆಡವಲು ಸೈನ್ಯದ ಯುವ ಅಧಿಕಾರಿಗಳು ಒಳಗೊಳಗೇ ಸಿದ್ಧರಾಗಿದ್ದರು. ಎಲ್ಲರೂ ಒಟ್ಟಿಗೆ ಹೊರಡಬೇಕು, ಅದಕ್ಕೊಂದು ಸಂಕೇತ ಬೇಕು. ಫೋನ್ ಮಾಡಿದರೆ ಗುಪ್ತ ಪೊಲೀಸರ ಭಯ. ರೇಡಿಯೋ ಆದರೆ ಯಾರಿಗೂ ಅನುಮಾನ ಬರುವುದಿಲ್ಲ, ಅಲ್ವಾ? ಏಪ್ರಿಲ್ 24ರ ರಾತ್ರಿ ಲಿಸ್ಬನ್ನಿನ ಒಂದು ಬಾನುಲಿ ಕೇಂದ್ರದಲ್ಲಿ ಉದ್ಘೋಷಕರು, ಹನ್ನೊಂದಕ್ಕೆ ಐದು ನಿಮಿಷ ಇದೆ ಎಂದು ಹೇಳಿ ಪೌಲೋ ಅವರ ಹಾಡು ಹಾಕಿದರು. ಮನೆಯಲ್ಲಿ ಕೂತು ಕೇಳುವವರಿಗೆ ಅದು ಸುಮ್ನೆ ಸ್ಪರ್ಧೆಯ ಹಾಡು. ಕಾಯುತ್ತಿದ್ದ ಸೈನಿಕರಿಗೆ ಮಾತ್ರ, ಸಿದ್ಧರಾಗಿ ಎಂಬ ಸೂಚನೆ. ಆ ಕೇಂದ್ರದ ಅಲೆಗಳು ಲಿಸ್ಬನ್ ಸುತ್ತಮುತ್ತ ಬಿಟ್ಟರೆ ದೂರಕ್ಕೆ ಮುಟ್ಟುತ್ತಿರಲಿಲ್ಲ. ಹಾಗಾಗಿ ನಡುರಾತ್ರಿ ಕಳೆದ ಮೇಲೆ ಮತ್ತೊಂದು ಕೇಂದ್ರ ಇಡೀ ದೇಶಕ್ಕೆ ಕೇಳುವಂತೆ ಜೋಸೆ ಅಫೊನ್ಸೊ ಅವರ ಹಾಡು ಹಾಕಿತು. ಅಲ್ಲಿಗೆ ಗಾಡಿಗಳು ಹೊರಟವು.

ಮರುದಿನ ಜನ ಸೈನಿಕರ ಬಂದೂಕಿನ ನಳಿಗೆಗೆ ಕೆಂಪು ಕಾರ್ನೇಷನ್ ಹೂ ಸಿಕ್ಕಿಸಿದರು. 40 ವರ್ಷ ದಾಟಿದ ಸರ್ವಾಧಿಕಾರ ಒಂದೇ ದಿನದಲ್ಲಿ ಉರುಳಿತು. ಗೋವಾ ಭಾರತದ್ದೇ ಎಂದು ಪೋರ್ಚುಗಲ್ ಒಪ್ಪಿ ಸಹಿ ಹಾಕಿದ್ದೂ ಅದೇ ವರ್ಷದ ಡಿಸೆಂಬರ್‌ನಲ್ಲಿ. ಬಾನುಲಿಯಲ್ಲಿ ಕೂತು ಮಾತಾಡುವ ನನಗೆ ಇದನ್ನು ನೆನೆದಾಗಲೆಲ್ಲ ಮೈ ಜುಮ್ಮೆನ್ನುತ್ತದೆ. 3 ಅಂಕದ ಹಾಡು ಅಂತ ಅದನ್ನು ಪಕ್ಕಕ್ಕೆ ಸರಿಸಲು ನನಗಂತೂ ಮನಸ್ಸಿಲ್ಲ.

ಆಮೇಲೂ ಸೋಲು ತಪ್ಪಲಿಲ್ಲ. 1999ರಲ್ಲಿ ಭಾಷೆಯ ನಿಯಮ ಸಡಿಲವಾಗಿ ಬಹಳಷ್ಟು ದೇಶಗಳು ಇಂಗ್ಲಿಷಿಗೆ ಹೊರಳಿದವು. ಪೋರ್ಚುಗಲ್ ಮಾತ್ರ ಹೆಚ್ಚುಕಮ್ಮಿ ತನ್ನ ಭಾಷೆಯಲ್ಲೇ ಹಾಡುತ್ತಾ ಹೋಯಿತು. 2017ರಲ್ಲಿ ಕೀವ್‌ನಲ್ಲಿ ಸಾಲ್ವದೋರ್ ಸೊಬ್ರಾಲ್ ಒಂದು ಮೆಲುದನಿಯ ಹಾಡು ಹಾಡಿದರು, ಅವರ ಅಕ್ಕ ಲೂಯಿಸಾ ಬರೆದದ್ದು. ಬೆಂಕಿಯಾಟ ಇಲ್ಲ, ಕುಣಿತ ಇಲ್ಲ. ಹೃದಯದ ತೊಂದರೆಯಿಂದಾಗಿ ಮೊದಲ ತಾಲೀಮುಗಳಲ್ಲಿ ಅವರ ಬದಲು ಅಕ್ಕನೇ ಹಾಡಿದ್ದರು. ಅಂಕ 758. ಮೊದಲ ಸಲ ಹಾಡಿ 53 ವರ್ಷವಾದ ಮೇಲೆ ಮೊದಲ ಗೆಲುವು! ಡಿಸೆಂಬರ್‌ನಲ್ಲಿ ಸಾಲ್ವದೋರ್‌ಗೆ ಹೃದಯ ಕಸಿ ಆಯಿತು. ಮರುವರ್ಷ ಲಿಸ್ಬನ್ನಿನಲ್ಲೇ ನಡೆದ ಸ್ಪರ್ಧೆಯಲ್ಲಿ ಅವರು ಬ್ರೆಜಿಲ್‌ನ ಕಾಯೆತಾನೊ ವೆಲೋಸೊ ಜೊತೆ ಅದೇ ಹಾಡು ಹಾಡಿದರು. ಆ ವರ್ಷ ಪೋರ್ಚುಗಲ್‌ಗೆ ಬಂದದ್ದು ಮತ್ತೆ ಕೊನೆಯ ಸ್ಥಾನ.

ಈ ಎರಡೂ ಹಾಡು, 1974ರದ್ದು ಮತ್ತು 2017ರದ್ದು, ಬಿಡುವಾದಾಗ ಒಂದಾದ ಮೇಲೊಂದು ಕೇಳಿ ನೋಡಿ. ನಮಸ್ಕಾರ.